ಬಾರದ ಮನೆಗಳ ಭಾರ

ಗುಡ್ಡದ ಬುಡದಲ್ಲಿ ಒಂದು ಊರಿತ್ತು. ಯಾವ ಸೀಮೆ, ಯಾವ ಕಾಲ ಎಂದು ಕೇಳಬೇಡಿ. ಹೇಳಿದರೆ ‘ನಮ್ಮೂರಲ್ಲ ಬಿಡು’ ಎಂದು ನೀವು ಹಾಯಾಗಿ ಎದ್ದು ಹೋಗುತ್ತೀರಿ. ಊರಿನ ಗೋಡೆಗಳೆಲ್ಲ ಬೆಳ್ಳಗಿದ್ದವು. ಗುಡ್ಡದ ನೆತ್ತಿಯಲ್ಲಿ ಮದ್ದಿನಜ್ಜಿಯ ಮನೆ. ಅಜ್ಜಿ ಕೆಳಗೆ ಇಳಿಯುವವಳಲ್ಲ. ಬೇನೆ ಬಿದ್ದವರೇ ಮೇಲೆ ಹೋಗಬೇಕು. ಬೇನೆ ಬಿದ್ದವರಿಗೆ ನಡೆಯಲಾಗದು. ಹಾಗಾಗಿ ಹೊತ್ತುಕೊಂಡೇ ಹೋಗಬೇಕು. ಇಷ್ಟು ಯಾವ ಊರಲ್ಲಾದರೂ ಇರುವುದೇ. ಇಲ್ಲಿಯ ವಿಚಿತ್ರ ಬೇರೆ.

ಈ ಊರಲ್ಲಿ ರೋಗಿಯ ಭಾರ ರೋಗಿಯ ಮೈಯಲ್ಲಿ ಇರಲಿಲ್ಲ. ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿಸಿ, ಮನೆಮನೆಯಿಂದ ಒಂದೊಂದು ಹೆಗಲು ಬಂದು, ತಿರುವಿಗೊಮ್ಮೆ ಹೆಗಲು ಬದಲಿಸುತ್ತ ಹೊತ್ತರೆ, ಹೊರಸು ಖಾಲಿ ಮೊರದಷ್ಟು ಹಗುರ. ಮೇಲೆ ಆನೆಯಂಥ ಆಳು ಮಲಗಿದ್ದರೂ ಅಷ್ಟೇ. ಒಂದು ಮನೆ ಬಾರದಿದ್ದರೆ ಆ ಮನೆಯ ಭಾರ ಬಂದು ಹೊರಸಿನ ಮೇಲೆ ಕೂರುತ್ತಿತ್ತು. ಇನ್ನೊಂದು ಮನೆ ಬಾರದಿದ್ದರೆ ಅದರ ಭಾರವೂ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಬಾರದ ಮನೆಯ ಭಾರ ಬಂದವರ ಹೆಗಲಿಗೆ. ಮತ್ತೊಂದು ಮಾತು, ಹತ್ತುವ ದಾರಿಯಲ್ಲಿ ರೋಗಿ ನೆಲ ಮುಟ್ಟುವ ಹಾಗಿಲ್ಲ. ನಡುದಾರಿಯಲ್ಲಿ ಇಳಿಸಿದ್ದು ಮತ್ತೆ ಏಳುವುದಿಲ್ಲ. ಯಾರು ಮಾಡಿದ ಕಟ್ಟಳೆಯೋ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೆಂದೇ ಕೂಗುವವನೊಬ್ಬನಿದ್ದ. ಯಾರಾದರೂ ಹಾಸಿಗೆ ಹಿಡಿದರೆ ಬೀದಿಯುದ್ದಕ್ಕೂ “ಹೆಗಲೋ, ಹೆಗಲು!” ಎಂದು ಕೂಗಿಕೊಂಡು ಹೋಗುತ್ತಿದ್ದ. ಒಂದೊಂದು ಬಾಗಿಲಿಂದ “ಬಂತು” ಎಂಬ ಉತ್ತರ. ಹಿಟ್ಟು ನಾದುತ್ತಿದ್ದವಳು ಕೈ ಒರೆಸಿಕೊಂಡು ಬರುತ್ತಿದ್ದಳು. ಬೇಲಿಗಾಗಿ ಕಿತ್ತಾಡುತ್ತಿದ್ದ ದಾಯಾದಿಗಳು ಜಗಳವನ್ನು ಬೇಲಿಯ ಮೇಲೆಯೇ ಬಿಟ್ಟು, ಹೊರಸಿನ ಒಂದೇ ಬಿದಿರಿನ ಕೆಳಗೆ ಹೆಗಲು ಕೊಟ್ಟು, ಇಳಿದು ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಅನ್ನುತ್ತಾರಲ್ಲ, ಆ ಊರಿನವರಿಗೆ ಅದು ಗಾದೆಯಾಗಿರಲಿಲ್ಲ, ದಿನದ ಕೆಲಸವಾಗಿತ್ತು.

ಆ ಊರಲ್ಲಿ ಕಂಬಳಿ ನೇಯುವವನೊಬ್ಬನಿದ್ದ. ಗಟ್ಟಿ ಆಳು. ಒಂದು ಸೀನು ಸೀನಿದವನಲ್ಲ, ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿದವನಲ್ಲ. ಇವನಿಗೆ ಹಿಂದೆ ಮುಂದೆ ಇದ್ದವಳು ಒಬ್ಬಳೇ ಅಕ್ಕ. ತಾಯಿ ತಂದೆ ಹೋದಾಗ ಇವನಿನ್ನೂ ತೆವಳುತ್ತಿದ್ದ. ಅಕ್ಕ ಊರಾಚೆಯ ಗೂಡಿನಲ್ಲಿ ಸುಣ್ಣ ಸುಟ್ಟು ಇವನನ್ನು ಸಾಕಿದಳು. ಬೆನ್ನಿಗೆ ಇವನನ್ನು ಕಟ್ಟಿಕೊಂಡೇ ಗೂಡಿಗೆ ಕಲ್ಲು ತುಂಬುತ್ತಿದ್ದಳು. ಅವಳು ಮದುವೆಯಾಗಲಿಲ್ಲ, ಕೇಳಿ ಬಂದವರಿಗೆ “ಇವನೊಂದು ಮಗ್ಗ ಹಿಡೀಲಿ, ಆಮೇಲೆ ನೋಡೋಣ” ಅನ್ನುತ್ತಿದ್ದಳು. ಇವನು ಮಗ್ಗ ಹಿಡಿಯುವಷ್ಟರಲ್ಲಿ ಕೇಳುವವರು ಬರುವುದು ನಿಂತಿತ್ತು. ಊರಿನ ಗೋಡೆಗಳು ಬೆಳ್ಳಗಿದ್ದದ್ದು ಅವಳ ಸುಣ್ಣದಿಂದ. ಅವಳ ಎದೆಯೊಳಗೂ ಅದೇ ಸುಣ್ಣದ ಹೊಗೆ ಕೂತಿತ್ತು. ಮಾತಿಗೆ ಮುಂಚೆ ಒಂದು ಕೆಮ್ಮು, ಮಾತಾದ ಮೇಲೆ ಒಂದು ಕೆಮ್ಮು. ಕೇಳಿ ಕೇಳಿ ತಮ್ಮನಿಗೆ ಅದು ಮಗ್ಗದ ಸದ್ದಿನಷ್ಟೇ ಅಭ್ಯಾಸವಾಗಿತ್ತು.

ಎಲ್ಲ ಕೆಟ್ಟದ್ದು ಊರಿನ ಕುಡುಕ, ಆ ಹೆಂಡದವನಿಂದ ಎಂದು ಊರಿನವರು ಈಗಲೂ ಹೇಳುತ್ತಾರೆ. ಪಾಪ, ಅವನೇನು ಮಾಡಿದ! ಕುಡಿದ, ಹೊಟ್ಟೆ ಊದಿತು, ಹೊತ್ತುಕೊಂಡು ಹೋದರು, ವಾಸಿಯಾಗಿ ಬಂದ, ಮತ್ತೆ ಕುಡಿದ, ಮತ್ತೆ ಹೊಟ್ಟೆ ಊದಿತು. ಕೊನೆಯ ಸಲ ಕೂಗುವವನು ಕೂಗಿದಾಗ ಕೆಲವು ಬಾಗಿಲುಗಳು “ಬಂತು” ಎನ್ನಲಿಲ್ಲ. ಕಂಬಳಿಯವನು ಹೋಗಿದ್ದ. ಬಾರದ ಮನೆಗಳ ಭಾರ ಅವನ ಹೆಗಲನ್ನು ಮೊದಲ ಬಾರಿಗೆ ಅರೆಯಿತು. ಇಳಿದು ಬಂದವನಿಗೆ ಬಲಗೈ ಮೇಲೇಳಲಿಲ್ಲ, ಲಾಳಿ ಎಸೆಯಲಾಗಲಿಲ್ಲ. ಮದುವೆಯ ಮನೆಯೊಂದಕ್ಕೆ ಕೊಡುತ್ತೇನೆಂದ ಕಂಬಳಿ ಮಗ್ಗದ ಮೇಲೆ ಅರ್ಧಕ್ಕೇ ನಿಂತಿತು. ಆ ಕೋಪ ಅವನಿಗೆ ಬಾರದವರ ಮೇಲೆ ಬರಬೇಕಿತ್ತು. ಮಲಗಿದವನ ಮೇಲೆ ಬಂತು.

ಬಾವಿಕಟ್ಟೆಯ ಬಳಿ ಊರು ಸೇರಿತು. ಊರ ಹಿರಿಯ ನಡುವೆ ಕೂತಿದ್ದ. ಮೊದಲು ಎದ್ದವನು ಎಣ್ಣೆ ಗಾಣದವನು.

“ನಮ್ಮ ಮನೆಯಿಂದ ಇವತ್ತಿನವರೆಗೆ ಒಂದು ಹೊರಸು ಎದ್ದಿಲ್ಲ. ದೇವರು ಚೆನ್ನಾಗಿಟ್ಟಿದ್ದಾನೆ. ಕಂಡವರ ಬೇನೆಗೆಲ್ಲ ನಾನು ಹೆಗಲು ಕೊಡ್ತಾ ಹೋದರೆ ನನ್ನ ಗಾಣ ಯಾರು ತಿರುಗಿಸ್ತಾರೆ?”

“ನಿಮ್ಮ ಮನೇಲಿ ಗಂಡುಮಕ್ಕಳ ಹಿಂಡೇ ಇದೆ, ಕೊಡೋದು ಒಂದೇ ಹೆಗಲು,” ಅಂದಳು ಹಾಲಿನವಳು. ಗಂಡನನ್ನು ಕಳಕೊಂಡವಳು, ಹೊಟ್ಟೆಯಲ್ಲಿ ಕೂಸು. “ನಮ್ಮನೇಲಿ ನಾನೊಬ್ಬಳೇ, ನಾನೂ ಕೊಡೋದು ಒಂದು ಹೆಗಲು. ಮನೆಗೊಂದು ಅಂದ್ರೆ ಇದ್ಯಾವ ನ್ಯಾಯ ಸ್ವಾಮಿ?”

“ಹಾಗಾದ್ರೆ ದುಡಿದು ಗಟ್ಟಿಯಾಗಿರೋದೇ ನಮ್ಮ ತಪ್ಪೇನಮ್ಮಾ?”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇದ್ದವರು ಹೆಚ್ಚು ಹೊರಲಿ ಎಂದರು ಕೆಲವರು. ಬೇನೆ ಬೀಳುವ ಮನೆಯವರೇ ಹೊರಲಿ ಎಂದರು ಕೆಲವರು. ಹೊರುವುದಕ್ಕೆ ಪರವೂರಿನ ಆಳು ಹಿಡಿಯೋಣ ಎಂದ ಒಬ್ಬ. ಪರವೂರಿನ ಹೆಗಲಿನ ಮೇಲೆ ನಮ್ಮ ಹೊರಸು ಏಳುವುದೇ ಇಲ್ಲವಲ್ಲೋ ಪೆದ್ದ ಎಂದು ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ. ಆಗ ಕಂಬಳಿಯವನು ಎದ್ದು ನಿಂತ. ಯಾವತ್ತೂ ಸಭೆಯಲ್ಲಿ ಬಾಯಿ ಬಿಟ್ಟವನಲ್ಲ. ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡು ಅವನಿಗೆ ಹುರುಪು ಬಂತು.

“ನಾನೊಂದು ಮಾತು ಹೇಳ್ತೀನಿ. ತಾನಾಗಿ ಬಂದ ಬೇನೆಗೆ ಊರ ಹೆಗಲು ಸರಿ. ತಾನೇ ಕರೆದು ತಂದುಕೊಂಡ ಬೇನೆಗೆ ಅವರವರ ಹೆಗಲೇ ಆಗಲಿ. ಹೆಂಡ ಕುಡಿದವನಿಗೆ ಕುಡಿಯುವಾಗ ಗೊತ್ತಿರಲಿಲ್ವಾ? ಹೊಗೆಸೊಪ್ಪು ಅಗಿಯುವವನಿಗೆ ಗೊತ್ತಿಲ್ವಾ? ಹೋಗಲಿ, ಸುಣ್ಣದ ಗೂಡಿನ ಹೊಗೆ ಎದೆಗೆ ಆಗೋದಿಲ್ಲ ಅಂತ ಯಾರಿಗೆ ಗೊತ್ತಿಲ್ಲ ಹೇಳಿ? ಗೊತ್ತಿದ್ದೂ ಹೋಗ್ತಾರೆ. ಅದಕ್ಕೆ ನಾವು ಯಾಕೆ...”

ಮಾತು ಅಲ್ಲಿಯವರೆಗೆ ಹೋಗಬೇಕೆಂದು ಅವನು ಎಣಿಸಿರಲಿಲ್ಲ. ಒಂದಕ್ಕೆರಡು ಉದಾಹರಣೆ ಬೇಕಿತ್ತು, ಬಾಯಿಗೆ ಬಂದದ್ದು ಹೇಳಿದ. ಜನ “ಭೇಷ್, ಭೇಷ್” ಅಂದರು. ಹಿರಿಯ ತಲೆದೂಗಿದ. ಗಾಣದವನು ಬಂದು ಬೆನ್ನು ತಟ್ಟಿದ. ಆ ಗದ್ದಲದಲ್ಲಿ ಹಿಂದುಗಡೆಯಿಂದ ಒಂದು ಕೆಮ್ಮು ಕೇಳಿತು. ತಿರುಗಿ ನೋಡಿದರೆ ಅಕ್ಕ, ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೆಮ್ಮನ್ನು ನುಂಗಿಕೊಳ್ಳುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮನೆಗೆ ಬಂದು ಅವನೇ ಬಾಯಿ ತೆಗೆದ. “ನಿನ್ನನ್ನ ಅಂದಿದ್ದಲ್ಲ ಅಕ್ಕಾ.”

“ಹೆಸರು ಹೇಳಲಿಲ್ಲ ಬಿಡು,” ಅಂದಳು ಅಕ್ಕ, ರೊಟ್ಟಿ ತಟ್ಟುತ್ತ. “ಕೆಲಸ ಹೇಳಿದೆ.”

“ಮಾತಿನ ಭರದಲ್ಲಿ...”

“ಹೋಗಲೋ. ಉಣ್ಣು ಬಾ. ಆರಿದ ರೊಟ್ಟಿ ನಿನಗೆ ಇಳಿಯಲ್ಲ.”

ಅವನು ಉಂಡ. ಆವತ್ತಿನ ರೊಟ್ಟಿಯ ರುಚಿ ಹೇಗಿತ್ತೆಂದು ಎಷ್ಟು ಯೋಚಿಸಿದರೂ ಅವನಿಗೆ ಮುಂದೆ ನೆನಪಾಗಲಿಲ್ಲ. ಮರುದಿನ ಬಾವಿಕಟ್ಟೆಗೆ ಹೋಗಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಮದುವೆಯ ಕಂಬಳಿ ಮುಗಿಯಲಿ ಅಂದುಕೊಂಡ.

ಹೆಗಲು ಕೊಡದೆ ಮೊದಲು ನಿಂತದ್ದು ಗಾಣದವನ ಮನೆ. ಆಮೇಲೆ ಯಾರೇ ಬೇನೆ ಬೀಳಲಿ, ಹೊರಸು ಎತ್ತುವ ಮೊದಲು ಅದು ತಾನಾಗಿ ಬಂದದ್ದೋ ಕರೆದು ತಂದದ್ದೋ ಎಂಬ ವಿಚಾರಣೆ ಶುರುವಾಯಿತು. ಬಾವಿಗೆ ಬಿದ್ದವನು ಅಂಚಿಗೆ ಯಾಕೆ ಹೋದ? ಹಾವು ಕಚ್ಚಿಸಿಕೊಂಡವಳು ಹುಲ್ಲಿಗೆ ಯಾಕೆ ಕೈ ಹಾಕಿದಳು? ಬಾಣಂತಿಗೆ ನಂಜೇರಿದರೆ, ಬಸುರಾಗೆಂದು ಹೇಳಿದವರು ಯಾರು? ಕೆದಕುತ್ತ ಹೋದರೆ ತಾನಾಗಿ ಬಂದ ಬೇನೆ ಎಂಬುದೇ ಊರಲ್ಲಿ ಉಳಿಯಲಿಲ್ಲ. ಒಂದು ಮನೆ ನಿಂತರೆ ಅದರ ಭಾರ ಉಳಿದವರ ಮೇಲೆ, ಆ ಭಾರಕ್ಕೆ ಹೆದರಿ ಇನ್ನೊಂದು ಮನೆ ನಿಲ್ಲುತ್ತಿತ್ತು, ಅದರ ಭಾರಕ್ಕೆ ಮತ್ತೊಂದು. ಕೊನೆಗೆ ಕಂಬಳಿಯವನೂ ನಿಂತ. ತಾನೊಬ್ಬ ಹೋಗಿ ಏನು ಮಾಡುವುದು ಎಂಬುದು ಅವನ ವಾದ. ಹಾಗೆ ಪ್ರತಿ ಮನೆಯಲ್ಲೂ ಒಬ್ಬೊಬ್ಬ ತಾನೊಬ್ಬನೇ ಎಂದುಕೊಂಡು ಕೂತಿದ್ದ. ಗುಡ್ಡದ ದಾರಿಯಲ್ಲಿ ಹುಲ್ಲು ಬೆಳೆಯಿತು.

ಹಾಗಿರುವಾಗ ಒಂದು ಬೆಳಗ್ಗೆ ಅಕ್ಕ ಗೂಡಿನ ಬಾಯಲ್ಲೇ ಕುಸಿದಳು.

ಕಂಬಳಿಯವನು ಅವಳನ್ನು ಎತ್ತಿ ತಂದು ಹೊರಸಿನ ಮೇಲೆ ಮಲಗಿಸಿದ. ಉಸಿರು ಎಳೆದರೆ ಎದೆಯಲ್ಲಿ ಜಲ್ಲಿ ಅಲುಗಿದ ಸದ್ದು. ಓಡಿ ಹೋಗಿ ಕೂಗುವವನನ್ನು ಎಬ್ಬಿಸಿದ. ಕೂಗುವವನು ಕೂಗಿದ, “ಹೆಗಲೋ, ಹೆಗಲು!” ಬೀದಿಯ ಒಂದು ಬದಿ ಮುಗಿಯಿತು, ಇನ್ನೊಂದು ಬದಿ ಮುಗಿಯಿತು. ಬಾಗಿಲುಗಳ ಹಿಂದೆ ಜನ ಇದ್ದರು. ಒಗ್ಗರಣೆ ಚಟಪಟ ಎನ್ನುವುದು ಕೇಳುತ್ತಿತ್ತು. “ಬಂತು” ಎನ್ನುವುದು ಕೇಳಲಿಲ್ಲ.

ಕಂಬಳಿಯವನು ಹಿರಿಯನ ಕಾಲು ಹಿಡಿದ. ಹಿರಿಯ ಕೆಟ್ಟವನಲ್ಲ. ಅವನ ಕಣ್ಣಲ್ಲೂ ನೀರು ಬಂತು.

“ಏನಪ್ಪಾ ಮಾಡಲಿ? ಸುಣ್ಣದ ಹೊಗೆ ಅಂತ ನೀನೇ ಹೇಳಿದ್ದಲ್ಲಪ್ಪ, ನಿನ್ನ ಬಾಯಿಂದಲೇ. ನಿಮ್ಮಕ್ಕನಿಗೊಂದು ನ್ಯಾಯ, ಹೆಂಡದವನಿಗೊಂದು ನ್ಯಾಯ ಆಗುತ್ತಾ?”

“ನಾನು ಹೇಳಿದ್ದು ತಪ್ಪಾಯ್ತು!”

“ತಪ್ಪೋ ಒಪ್ಪೋ, ಅದನ್ನೂ ಸಭೆಯಲ್ಲೇ ಕೂತು ನೋಡಬೇಕಲ್ಲಪ್ಪ. ಎಲ್ಲರೂ ಸೇರಲಿ. ಅವಸರ ಮಾಡಿದ್ರೆ ಹೇಗೆ?”

ಹಿರಿಯನ ಮನೆಯ ಗೋಡೆ ಹೊಸ ಸುಣ್ಣದಿಂದ ಬೆಳ್ಳಗೆ ಹೊಳೆಯುತ್ತಿತ್ತು. ಕಂಬಳಿಯವನಿಗೆ ಅದರ ಮೇಲೆ ಉಗುಳಬೇಕು ಅನ್ನಿಸಿತು. ಉಗುಳಲಿಲ್ಲ, ಅದು ಅಕ್ಕನ ಸುಣ್ಣ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಮನೆಗೆ ಓಡಿದ.

ಹೊರಸು ಒಬ್ಬನಿಂದ ಏಳುವಂಥದ್ದಲ್ಲ. ತಾನು ನೇಯ್ದ ಕಂಬಳಿಯಲ್ಲಿ ಅಕ್ಕನನ್ನು ಸುತ್ತಿ ಬೆನ್ನಿಗೆ ಕಟ್ಟಿಕೊಂಡ. ಊರು ಬಾಗಿಲಿಗೆ ಬಂದು ನೋಡಿತು. ಗುಡ್ಡದ ಮೊದಲ ಏರಿಗೇ ಭಾರ ಬಂದು ಕೂತುಕೊಂಡಿತು. ಒಂದೊಂದು ಹೆಜ್ಜೆಗೂ ಒಂದೊಂದು ಮನೆ. ಗಾಣದವನ ಮನೆಯ ಭಾರ ಯಾವುದು, ಹಿರಿಯನದು ಯಾವುದು ಎಂದು ಅವನಿಗೆ ಬೇರೆ ಬೇರೆಯಾಗಿ ಗೊತ್ತಾಗುತ್ತಿತ್ತು. ಗಾಣದವನದು ಕಲ್ಲಿನ ಹಾಗೆ ಒಂದೇ ಕಡೆ ಒತ್ತುತ್ತಿತ್ತು. ಹಿರಿಯನದು ಒದ್ದೆ ಬಟ್ಟೆಯ ಹಾಗೆ ಮೈಗೆಲ್ಲ ಅಂಟಿಕೊಳ್ಳುತ್ತಿತ್ತು. ಹಾಲಿನವಳದು ಸಣ್ಣದು, ಆದರೂ ಇತ್ತು. ಎಲ್ಲದರ ಅಡಿಯಲ್ಲಿ, ಬೆನ್ನುಮೂಳೆಗೆ ತಾಗಿಕೊಂಡು, ಯಾವ ಮನೆಯದೆಂದು ತಿಳಿಯದ ಒಂದು ಭಾರವಿತ್ತು. ಒಂದು ತಿರುವು ದಾಟುವವರೆಗೆ ಯೋಚಿಸಿದ. ಅದು ಅವನದೇ ಮನೆಯದು. ಬೇರೆಯವರ ಹೊರಸಿಗೆ ಅವನು ಕೊಡದೆ ಉಳಿಸಿಕೊಂಡ ಹೆಗಲು.

“ಭಾರ ಆಗ್ತಿದೀನೇನೋ?” ಅಕ್ಕ ಬೆನ್ನ ಮೇಲಿಂದ ಕೇಳಿದಳು.

“ಇಲ್ಲಕ್ಕ. ಹೂವಿನ ಹಾಗಿದ್ದೀಯ.”

“ಸುಳ್ಳ. ಚಿಕ್ಕವನಿದ್ದಾಗಲೂ ಸುಳ್ಳು ಹೇಳೋವಾಗ ನಿನ್ನ ಕಿವಿ ಹೀಗೇ ಕೆಂಪಾಗ್ತಿತ್ತು.”

ಅವನು ನಗಲು ನೋಡಿದ. ಉಸಿರಿರಲಿಲ್ಲ.

ನಡುದಾರಿಯಲ್ಲಿ ಒಂದು ಹುಣಸೆಮರವಿದೆ. ಅಲ್ಲಿಗೆ ಬರುವಾಗ ಅವನ ಮೊಣಕಾಲು ತಾನಾಗಿ ಮಡಿಯುತ್ತಿತ್ತು, ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಇಳಿಸಬಾರದೆಂದು ಅವನಿಗೆ ಗೊತ್ತಿತ್ತು. ಒಂದೇ ಉಸಿರು, ಒಂದೇ ಒಂದು ಉಸಿರು ಎಳೆದುಕೊಂಡು ಎತ್ತಿಕೊಳ್ಳುತ್ತೇನೆ ಎಂದು ಅವನು ಅವಳನ್ನು ಮರದ ಬುಡಕ್ಕೆ ಇಳಿಸಿದ.

ಉಸಿರು ಎಳೆದುಕೊಂಡ. ಎತ್ತಲು ಹೋದ. ಏಳಲಿಲ್ಲ. ತೋಳು ಹಿಡಿದು ಎಳೆದ, ಕಂಬಳಿ ಹಿಡಿದು ಎಳೆದ, ಅವಳ ಕೈಯೊಂದನ್ನೂ ನೆಲದಿಂದ ಮೇಲೆತ್ತಲಾಗಲಿಲ್ಲ. ಇಡೀ ಊರೇ ಅವಳ ಮೇಲೆ ಕೂತಿತ್ತು. ಅವನು ಮೇಲೆ ಮುಖ ಮಾಡಿ “ಅಜ್ಜೀ!” ಎಂದು ಕೂಗಿದ, ಕೆಳಗೆ ಮುಖ ಮಾಡಿ “ಹೆಗಲೋ!” ಎಂದು ಕೂಗಿದ. ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತ.

ಅಕ್ಕ ಅವನನ್ನು ನೋಡುತ್ತಿದ್ದಳು. “ಮಗ್ಗದ ಮೇಲೆ ಅರ್ಧ ಬಿಟ್ಟು ಬಂದೆಯಲ್ಲೋ,” ಅಂದಳು. “ಇಲಿ ಕಡಿದೀತು. ಹೋಗು.” ಅವನು ಹೋಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವಳ ಎದೆಯ ಸದ್ದು ನಿಂತಿತು. ಅಲ್ಲೇ ಮಣ್ಣು ತೋಡಿ, ಎತ್ತಲಾಗದ ಅವಳನ್ನು ಹೊರಳಿಸಿ, ಮೇಲೆ ಕಲ್ಲು ಜೋಡಿಸಿ, ಖಾಲಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದ.

ಊರು ಗುಡ್ಡದ ಬುಡದಲ್ಲಿ ಕಾದು ನಿಂತಿತ್ತು. ಮೇಲೆ ಹೋದವರಲ್ಲಿ ಕೆಲವರು ಅಜ್ಜಿಯ ಬಳಿಯೇ ಉಳಿದುಬಿಡುವುದು ಮೊದಲಿಂದ ಇದ್ದದ್ದೇ. ಹಾಗಾಗಿ ಅವನೊಬ್ಬನೇ ಬಂದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

“ಮುಟ್ಟಿಸಿದೆಯಾ?” ಹಿರಿಯ ಕೇಳಿದ.

ಬಾಯಿ ತೆಗೆದರೆ ಅಳು ಬರುತ್ತಿತ್ತು. ಇವರ ಮುಂದೆ ಅಳಬಾರದೆಂದು ಅವನು ಬಾಯಿ ಬಿಗಿಹಿಡಿದು ನಿಂತ. ಅಷ್ಟೇ ಸಾಕಾಯಿತು. “ಭಲೇ ಮಗನೇ!” ಎಂದು ಹಿರಿಯ ಅಪ್ಪಿಕೊಂಡ. “ಒಬ್ಬನೇ ಹೊತ್ತ, ಒಬ್ಬನೇ ಹೊತ್ತ” ಎಂದು ಜನ ಕೂಗಿದರು. ಗಾಣದವನ ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ನೆಮ್ಮದಿ ಕಂಡಿತು. ಎಲ್ಲರಿಗೂ ಆ ರಾತ್ರಿ ಒಳ್ಳೆಯ ನಿದ್ದೆ.

ನಾಲ್ಕು ದಿನ ಕಳೆದ ಮೇಲೆ ಕಂಬಳಿಯವನು ಬಾವಿಕಟ್ಟೆಗೆ ಹೋದ. “ನಾನು ಮುಟ್ಟಿಸಲಿಲ್ಲ. ಹುಣಸೆಮರದ ಹತ್ತಿರ ಇಳಿಸಿಬಿಟ್ಟೆ. ಅಕ್ಕ ಅಲ್ಲೇ ಹೋದಳು,” ಎಂದ. ಹಿರಿಯ ನಕ್ಕ. “ನೋಡಿ, ದೊಡ್ಡ ಕೆಲಸ ಮಾಡಿದವರು ಹೀಗೇ. ತಮ್ಮದನ್ನ ತಾವು ಹೇಳಿಕೊಳ್ಳಲ್ಲ.” ಅವನು ಆಣೆ ಹಾಕಿದ. ಜನ ಅವನ ಕೊರಳಿಗೆ ಹೂವಿನ ಹಾರ ಹಾಕಿದರು. ಬಂದು ನೋಡಿ, ಕಲ್ಲುಗಳಿವೆ ಎಂದು ಕೈ ಹಿಡಿದು ಎಳೆದ. ನೋಡಿದರೆ ಮತ್ತೆ ಹೆಗಲು ಕೊಡಬೇಕಾದೀತೆಂದು ಅವರಿಗೆ ಒಳಗೊಳಗೆ ಗೊತ್ತಿತ್ತೇನೋ, ಒಬ್ಬರೂ ಬರಲಿಲ್ಲ.

ಕೂಗುವವನಿಗೆ ಹೊಸ ಕೂಗು ಕೊಟ್ಟರು. “ಕಂಬಳಿಯವನ ಹಾಗೆ ಹೊರಿ!” ಎಂದು ಅವನು ಬೆಳಗ್ಗೆ ಸಂಜೆ ಬೀದಿ ಸುತ್ತಿದ. ಒಬ್ಬರೇ ಹೊತ್ತರೆ ಮಾತ್ರ ಮದ್ದು ಹತ್ತುತ್ತದೆ, ಇನ್ನೊಬ್ಬರ ಕೈ ಸೋಕಿದರೆ ಹತ್ತುವುದಿಲ್ಲ ಎಂದು ಯಾರೋ ಅಂದರು. ಅದು ಹಿಂದಿನಿಂದ ಬಂದದ್ದೆಂದು ಇನ್ಯಾರೋ ಅಂದರು. ಕಂಬಳಿಯವನು ಮನೆಯ ಬಾಗಿಲು ಹಾಕಿಕೊಂಡು ಕೂತ. ಮಗ್ಗದ ಮೇಲಿನ ಅರ್ಧ ಕಂಬಳಿಯನ್ನು ಇಲಿ ಕಡಿದಿತ್ತು. ಅವನು ಅದನ್ನು ಮುಟ್ಟಲಿಲ್ಲ.

ಆಮೇಲೊಂದು ದಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಹಾಲಿನವಳು. ಸೊಂಟದ ಮೇಲೆ ಹೆಣ್ಣುಮಗು, ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸು. ಮಗುವಿನ ಮೈ ಕೆಂಡದ ಹಾಗೆ ಸುಡುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು.

“ಅಣ್ಣಾ,” ಅಂದಳು, “ಒಬ್ಬರೇ ಹೊರೋದು ಹ್ಯಾಗೆ, ಹೇಳಿಕೊಡಿ.”

ಕಂಬಳಿಯವನು ಹೊಸ್ತಿಲು ದಾಟಿ ಹೊರಗೆ ಬಂದ. “ಆಗಲ್ಲ ತಾಯಿ. ನನ್ನಿಂದಲೂ ಆಗಲಿಲ್ಲ. ಹುಣಸೆಮರದ ಹತ್ತಿರ ನಮ್ಮಕ್ಕನ ಮೇಲಿನ ಕಲ್ಲುಗಳಿವೆ, ಹೋದರೆ ನಿನ್ನ ಕಣ್ಣಿಗೇ ಬೀಳುತ್ತೆ. ನಡಿ, ಬೀದಿಗೆ ಹೋಗೋಣ. ಮನೆಮನೆ ಬಾಗಿಲು ಬಡಿಯೋಣ. ಯಾರೂ ಬಾರದಿದ್ರೆ ನಾವಿಬ್ಬರಾದ್ರೂ ಹೊರೋಣ.”

ಹಾಲಿನವಳು ಅವನ ಮುಖವನ್ನೇ ನೋಡಿದಳು. ಹೇಳಿಕೊಡಲು ಇಷ್ಟವಿಲ್ಲದೆ ಹೀಗನ್ನುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿದ್ದು ಅವನಿಗೆ ಕಂಡಿತು. “ಇರಲಿ ಬಿಡಿ ಅಣ್ಣಾ,” ಎಂದವಳೇ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡದ ಕಡೆ ಹೊರಟಳು.

ಅವನು ಬರಿಗಾಲಲ್ಲೇ ಓಡಿ ಅವಳ ಹಿಂದೆ ಹೋದ. ಮೊದಲ ಏರಿಗೇ ಅವಳ ಬೆನ್ನು ಬಾಗಿತ್ತು. ಯಾವ ಮನೆ ಬಂದು ಕೂತಿತೆಂದು ಅವನು ಅವಳ ಹೆಜ್ಜೆಯಲ್ಲೇ ಗುರುತಿಸಬಲ್ಲವನಾಗಿದ್ದ.

“ತಾಯೀ, ನಿಲ್ಲು! ನನ್ನದೊಂದು ಹೆಗಲಿದೆ. ನನ್ನ ಮನೆಯ ಭಾರವಾದ್ರೂ ಇಳಿಯುತ್ತೆ. ಇತ್ತ ಕೊಡು ಮಗುನ.”

“ಬೇಡಿ ಅಣ್ಣಾ, ಮುಟ್ಟಬೇಡಿ!” ಅವಳು ಹಿಂದೆ ತಿರುಗದೆ ಕೂಗಿದಳು. “ನಿಮಗೆ ಕೈ ಮುಗೀತೀನಿ. ಇನ್ನೊಬ್ಬರ ಕೈ ಸೋಕಿದ್ರೆ ಮದ್ದು ಹತ್ತಲ್ಲ.”

“ಅದು ಸುಳ್ಳು ಕಣಮ್ಮಾ! ನನ್ನಿಂದ ಹುಟ್ಟಿದ ಸುಳ್ಳು!”

ಅವನು ಓಡಿ ಅವಳ ಪಕ್ಕಕ್ಕೆ ಬಂದ. ಮಗು ಕಣ್ಣು ಬಿಟ್ಟು, ತಾಯಿಯ ಹೆಗಲ ಮೇಲಿಂದ ಅವನ ಕಡೆ ಕೈ ಚಾಚಿತು. ಅವನು ಎರಡೂ ಕೈ ಮುಂದೆ ಮಾಡಿದ. ತಾಯಿ ಅದನ್ನು ಕಂಡಳು. ಬೆನ್ನು ಮುರಿಯುವ ಆ ಭಾರವನ್ನು ಹೊತ್ತುಕೊಂಡೇ, ಅವನ ಕೈ ಮಗುವಿಗೆ ಎಲ್ಲಿ ಸೋಕೀತೋ ಎಂದು ಹೆದರಿ, ಅವಳು ಗುಡ್ಡದ ಮೇಲಕ್ಕೆ ಓಡತೊಡಗಿದಳು.